ಪಂಕ್ತಿಯಿಂದ ಯಾರನ್ನು ಎಬ್ಬಿಸೋಣ?

ಕರ್ನಾಟಕದಲ್ಲಿ ಆಲೂಗಡ್ಡೆ ಎಂದ ಕೂಡಲೇ ಹಾಸನ ನೆನಪಾಗುತ್ತದೆ. ಪಂಜಾಬಿನ ಜಲಂಧರದಿಂದ ಬಿತ್ತನೆ ಗಡ್ಡೆಯ ಲಾರಿಗಳು ಬಂದು ನಿಲ್ಲುವುದು ಅಲ್ಲಿನ ಎಪಿಎಂಸಿಯಲ್ಲಿ. ಮಳೆ ಬಿಡದೆ ಹಿಡಿದು ಅಂಗಮಾರಿ ರೋಗ ತಗುಲಿದರೆ ಕಂಗಾಲಾಗುವವರೂ ಅಲ್ಲಿನ ರೈತರೇ. ಇನ್ನು ಬ್ರೆಡ್ಡಿನ ವಿಷಯ. ಬೆಂಗಳೂರಿನ ಮೂಲೆಮೂಲೆಯಲ್ಲಿ ಬ್ರೆಡ್ಡು, ಬನ್ನು, ಖಾರದ ಬಿಸ್ಕತ್ತು ಮಾರುವ ಅಯ್ಯಂಗಾರ್ ಬೇಕರಿಗಳ ಊರು ಕೇಳುತ್ತ ಹೋದರೆ ಬಹಳಷ್ಟು ಮನೆತನಗಳು ಹಾಸನ ಸೀಮೆಯವೇ. ಅದೇ ಜಿಲ್ಲೆಯ ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಹೋದರೆ ಹೊಲದ ತುಂಬ ರಾಗಿ. ಈಗ ಊಟದ ತಟ್ಟೆಯ ಬಗ್ಗೆ ನಡೆಯುತ್ತಿರುವ ಜಗಳದಲ್ಲಿ ಬೈಸಿಕೊಳ್ಳುವವರೂ ಹೊಗಳಿಸಿಕೊಳ್ಳುವವರೂ ಹೀಗೆ ಒಂದೇ ಜಿಲ್ಲೆಯವರು.

ಜಗಳ ಎಲ್ಲರಿಗೂ ಗೊತ್ತಿರುವುದೇ. ರಕ್ತ ಪರೀಕ್ಷೆಯ ವರದಿಯಲ್ಲಿ ಸಕ್ಕರೆ ಸ್ವಲ್ಪ ಮೇಲೆ ಕಂಡರೆ ಸಾಕು, ಡಾಕ್ಟರಿಗಿಂತ ಮೊದಲು ನೆಂಟರೇ ಸಲಹೆ ಕೊಡಲು ಶುರು ಮಾಡುತ್ತಾರೆ: ಬ್ರೆಡ್ಡು ಮುಟ್ಟಬೇಡಿ, ಆಲೂಗಡ್ಡೆ ಬಿಟ್ಟುಬಿಡಿ, ಅನ್ನ ಒಂದೇ ಹೊತ್ತು, ಉಳಿದ ಹೊತ್ತು ಮುದ್ದೆ, ಇಲ್ಲದಿದ್ದರೆ ನವಣೆ. ಸಲಹೆ ಕೊಡುವವರ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರುವುದಿಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿದ ಮೇಲೆ ಈ ಮಾತನ್ನು ತಮಾಷೆ ಮಾಡಿ ತಳ್ಳಿಹಾಕುವಂತೆಯೂ ಇಲ್ಲ. ಆದರೆ ಆ ಸಲಹೆಯಲ್ಲಿ ನಿಜ ಎಷ್ಟು, ಅಭ್ಯಾಸಬಲ ಎಷ್ಟು ಎಂದು ಅಳೆದು ನೋಡುವ ಅಗತ್ಯವಿದೆ. ಅದರಲ್ಲೂ ಬ್ರೆಡ್ಡನ್ನೂ ಆಲೂಗಡ್ಡೆಯನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಸರಿಯೇ ಎಂಬುದು ನನ್ನ ಮೊದಲ ಅನುಮಾನ.

ಬ್ರೆಡ್ಡಿನ ಮೇಲಿನ ದೂರು ಗಟ್ಟಿಯಾದದ್ದು. ಬಿಳಿ ಬ್ರೆಡ್ ಎಂದರೆ ಮೈದಾ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ 11 ಗ್ರಾಮಿನಷ್ಟು ನಾರು, ಮೈದಾದಲ್ಲಿ ಮೂರು ಗ್ರಾಮೂ ಇಲ್ಲ. ಸಿಪ್ಪೆ, ಮೊಳಕೆಯ ಭಾಗ ಎರಡನ್ನೂ ಗಿರಣಿಯಲ್ಲೇ ಕಳೆದುಕೊಂಡು ಬಂದ ಹಿಟ್ಟನ್ನು ಯೀಸ್ಟ್ ಹಾಕಿ ಉಬ್ಬಿಸಿದರೆ ಅದು ಬಾಯಲ್ಲೇ ಕರಗುತ್ತದೆ, ಹೊಟ್ಟೆಯಲ್ಲೂ ಅಷ್ಟೇ ಬೇಗ ಸಕ್ಕರೆಯಾಗುತ್ತದೆ. ಗ್ಲೂಕೋಸಿಗೆ 100 ಅಂಕ ಕೊಟ್ಟು ಉಳಿದ ಆಹಾರವನ್ನು ಅಳೆಯುವ ಗ್ಲೈಸೀಮಿಕ್ ಇಂಡೆಕ್ಸ್ ಪಟ್ಟಿಯಲ್ಲಿ ಬಿಳಿ ಬ್ರೆಡ್ಡಿಗೆ ಸುಮಾರು 75. ಬೇಕರಿಯಲ್ಲಿ ‘ಬ್ರೌನ್’ ಎಂದು ಕೇಳಿ ಪಡೆದರೆ ಪಾರಾದೆವು ಎಂದುಕೊಳ್ಳುವ ಹಾಗಿಲ್ಲ. ಆ ಕಂದು ಬಣ್ಣ ಎಷ್ಟೋ ಸಲ ತೌಡಿನದಲ್ಲ, ಸುಟ್ಟ ಸಕ್ಕರೆಯದು. ಪೊಟ್ಟಣದ ಹಿಂಬದಿ ಓದಿದರೆ ಮೈದಾ ಮೊದಲು, ಗೋಧಿ ಆಮೇಲೆ. 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬ್ರೆಡ್ ಮಾದರಿಗಳಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಕುರುಹು ಪತ್ತೆಹಚ್ಚಿದ್ದು, ಅದೇ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿದ್ದು ಹಲವರಿಗೆ ನೆನಪಿರಬಹುದು. ಆ ರಾಸಾಯನಿಕದ ಕಥೆ ಅಲ್ಲಿಗೆ ಮುಗಿಯಿತು, ಮೈದಾದ ಕಥೆ ಮುಗಿದಿಲ್ಲ.

ಹಾಗಿದ್ದರೂ ಬ್ರೆಡ್ಡಿನ ಪರವಾಗಿ ಒಂದು ಮಾತು ಉಳಿಯುತ್ತದೆ, ಅದು ಪೌಷ್ಟಿಕತೆಯದಲ್ಲ, ಬೆಳಗಿನ ಏಳೂವರೆಯದು. ಮಗುವಿನ ಶಾಲೆಯ ವ್ಯಾನು, ಗಂಡನ ಬಸ್ಸು, ತನ್ನ ಮೆಟ್ರೋ ಮೂರನ್ನೂ ಹಿಡಿಯಬೇಕಾದ ಹೆಂಗಸಿಗೆ ‘ಬ್ರೆಡ್ಡು ಬಿಟ್ಟು ರಾಗಿ ರೊಟ್ಟಿ ಮಾಡಿ’ ಎಂದು ಹೇಳುವವರು ತಾವೇ ಹಿಟ್ಟು ಕಲಸಿಕೊಡುವುದಿಲ್ಲ. ಈ ಮಾತನ್ನು ಇಲ್ಲೇ ಇಟ್ಟಿರುತ್ತೇನೆ, ಮತ್ತೆ ಬರುತ್ತೇನೆ.

ಆಲೂಗಡ್ಡೆಯ ಮೇಲಿನ ದೂರು ಅಷ್ಟು ಗಟ್ಟಿಯಲ್ಲ. ಬೇಯಿಸಿದ ಆಲೂಗಡ್ಡೆಯ ಗ್ಲೈಸೀಮಿಕ್ ಅಂಕ ಬ್ರೆಡ್ಡಿನದಕ್ಕಿಂತ ಕಡಿಮೆಯೇನಿಲ್ಲ, ಸುಮಾರು 78. ಅಂಕ ನೋಡಿದವರು ಅಲ್ಲಿಗೇ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆದರೆ ಈ ಅಂಕ ಆಹಾರದಲ್ಲಿರುವ ಪಿಷ್ಟ ಎಷ್ಟು ಬೇಗ ಸಕ್ಕರೆಯಾಗುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ನಾವು ತಿಂದದ್ದರಲ್ಲಿ ಪಿಷ್ಟ ಎಷ್ಟಿತ್ತು ಎಂಬುದನ್ನಲ್ಲ. ಆಲೂಗಡ್ಡೆಯ ಮುಕ್ಕಾಲಿಗಿಂತ ಹೆಚ್ಚು ಪಾಲು ನೀರು. 100 ಗ್ರಾಂ ಗಡ್ಡೆಯಲ್ಲಿ 70 ಕ್ಯಾಲೊರಿಯ ಆಸುಪಾಸು, ಪಿಷ್ಟ 15 ಗ್ರಾಮಿನಷ್ಟು. ಜೊತೆಗೆ ಪೊಟ್ಯಾಸಿಯಂ, ಧಾನ್ಯಗಳಲ್ಲಿ ಹುಡುಕಿದರೂ ಸಿಗದ ಸಿ ಜೀವಸತ್ವ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಒಂದು ಪ್ರಯೋಗ ನಡೆಯಿತು. 38 ಬಗೆಯ ಆಹಾರವನ್ನು ಸಮಾನ ಕ್ಯಾಲೊರಿಯಷ್ಟು ಜನರಿಗೆ ತಿನ್ನಿಸಿ, ಎರಡು ಗಂಟೆ ಕಾಲ ಯಾವುದು ಹೆಚ್ಚು ಹೊಟ್ಟೆ ತುಂಬಿದಂತೆ ಇಡುತ್ತದೆ ಎಂದು ನೋಡಿದರು. ಬಿಳಿ ಬ್ರೆಡ್ಡಿಗೆ 100 ಎಂದಿಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು, ಪಟ್ಟಿಯಲ್ಲೇ ಮೊದಲ ಸ್ಥಾನ. ಬ್ರೆಡ್ಡು, ಆಲೂಗಡ್ಡೆ ಎರಡನ್ನೂ ಒಂದೇ ಉಸಿರಿನಲ್ಲಿ ಬೈಯುವವರು ಈ ಅಂತರವನ್ನು ಗಮನಿಸಬೇಕು.

ಕರಿದ ಗಡ್ಡೆ ಬೇರೆಯೇ ಪದಾರ್ಥ. ಅಮೆರಿಕದ ಎರಡು ಲಕ್ಷಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯ ಊಟವನ್ನು ದಶಕಗಳ ಕಾಲ ದಾಖಲಿಸಿಕೊಂಡ ಅಧ್ಯಯನವೊಂದು 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಸಲ ಫ್ರೆಂಚ್ ಫ್ರೈಸ್ ತಿನ್ನುವವರಲ್ಲಿ ಸಕ್ಕರೆ ಕಾಯಿಲೆಯ ಸಾಧ್ಯತೆ ಶೇ. 20ರಷ್ಟು ಹೆಚ್ಚಿತ್ತು. ಬೇಯಿಸಿದ, ಸುಟ್ಟ, ಹಿಸುಕಿದ ಆಲೂಗಡ್ಡೆ ತಿನ್ನುವವರಲ್ಲಿ ಹಾಗೆ ಗಣನೀಯವಾಗಿ ಏನೂ ಕಾಣಲಿಲ್ಲ. ಅದೇ ಲೆಕ್ಕಾಚಾರದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಆಲೂಗಡ್ಡೆಯ ಜಾಗಕ್ಕೆ ಇಡೀ ಧಾನ್ಯ ಬಂದರೆ ಅಪಾಯ ತಗ್ಗುತ್ತದೆ, ಬಿಳಿ ಅನ್ನ ಬಂದರೆ ಏರುತ್ತದೆ. ಇವೆಲ್ಲ ಅಮೆರಿಕನ್ನರ ತಟ್ಟೆಯನ್ನು ದೂರದಿಂದ ಗಮನಿಸಿ ಹಾಕಿದ ಲೆಕ್ಕ, ಕಾರಣ ಇದೇ ಎಂದು ಸಾಬೀತು ಮಾಡುವುದಿಲ್ಲ. ಆದರೂ ‘ಆಲೂಗಡ್ಡೆ ಬಿಟ್ಟು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ’ ಎನ್ನುವವರಿಗೆ ಇದು ಎಚ್ಚರಿಕೆಯ ಮಾತು.

ನಿಜವಾದ ತೊಂದರೆ ಇರುವುದು ನಮ್ಮಲ್ಲಿ ಆಲೂಗಡ್ಡೆ ಯಾರ ಜೊತೆ ಕೂರುತ್ತದೆ ಎಂಬುದರಲ್ಲಿ. ಆಂಡಿಸ್ ಪರ್ವತದವರಿಗೂ ಐರ್ಲೆಂಡಿನವರಿಗೂ ಆಲೂಗಡ್ಡೆಯೇ ಅನ್ನವಾಗಿತ್ತು, ಅದನ್ನು ತಿಂದ ಮೇಲೆ ಮತ್ತೆ ಅನ್ನ ಉಣ್ಣುತ್ತಿರಲಿಲ್ಲ. ನಮ್ಮಲ್ಲಿ ಅದಕ್ಕೆ ತರಕಾರಿಯ ಲೆಕ್ಕ. ಅಕ್ಕಿಯ ದೋಸೆಯೊಳಗೆ ಆಲೂ ಪಲ್ಯ, ಗೋಧಿಯ ಪೂರಿ ಜೊತೆ ಆಲೂ ಸಾಗು, ಅನ್ನದ ಜೊತೆ ಆಲೂ ಹುಳಿ, ಮೈದಾ ಪಾವಿನೊಳಗೆ ಬಟಾಟೆ ವಡೆ. ಪಿಷ್ಟದ ಮೇಲೆ ಪಿಷ್ಟ. ಸೀಮೆಬದನೆಯೋ ಹುರುಳಿಕಾಯಿಯೋ ನವಿಲುಕೋಸೋ ಕೂರಬೇಕಾದ ಜಾಗದಲ್ಲಿ ಇದು ಕೂತಿದೆ. ಆದ್ದರಿಂದ ಆಲೂಗಡ್ಡೆಗೆ ಬದಲಿ ಹುಡುಕುವವರು ಧಾನ್ಯದ ಡಬ್ಬಿಯಲ್ಲಿ ಹುಡುಕಿದರೆ ಪ್ರಯೋಜನವಿಲ್ಲ, ತರಕಾರಿ ಬುಟ್ಟಿಯಲ್ಲಿ ಹುಡುಕಬೇಕು. ಬ್ರೆಡ್ಡಿನ ಬದಲಿ ಮಾತ್ರ ಧಾನ್ಯದ ಪ್ರಶ್ನೆ.

ಹಾಗೆ ಧಾನ್ಯದ ಡಬ್ಬಿ ತೆರೆದರೆ ಹಳೇ ಮೈಸೂರಿನಲ್ಲಿ ಮೊದಲು ಕೈಗೆ ಸಿಗುವುದು ರಾಗಿ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ನಾಡತಳಿಗೂ ಆಫ್ರಿಕಾದ ತಳಿಗೂ ಸಂಬಂಧ ಕುದುರಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಮೇಲೆ ಒಣಭೂಮಿಯ ಎಷ್ಟೋ ಮನೆಗಳ ಕಣ ತುಂಬಿತು. ರಾಗಿಯ ಗುಣ ಹೇಳಹೊರಟರೆ ಕ್ಯಾಲ್ಸಿಯಂನಿಂದ ಶುರು ಮಾಡಬೇಕು: 100 ಗ್ರಾಮಿನಲ್ಲಿ 360 ಮಿಲಿಗ್ರಾಮಿನಷ್ಟು, ಅದೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ದಾಟುವುದಿಲ್ಲ. ನಾರು 11 ಗ್ರಾಂ, ಕಬ್ಬಿಣ ಅಕ್ಕಿಯ ಹಲವು ಪಟ್ಟು. ಇದೆಲ್ಲಕ್ಕಿಂತ ನನಗೆ ಮುಖ್ಯ ಎನಿಸುವ ಗುಣ ಬೇರೊಂದಿದೆ. ರಾಗಿಕಾಳು ತೀರ ಚಿಕ್ಕದು, ಅದರ ಕೆಂಪು ಸಿಪ್ಪೆ ಒಳಗಿನ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅಕ್ಕಿಗೆ ಪಾಲಿಶ್ ಕೊಟ್ಟಂತೆ ಊರ ಗಿರಣಿಯಲ್ಲಿ ಇದಕ್ಕೆ ಕೊಡಲಾಗದು. ಹಾಗಾಗಿ ಬಡವನಾಗಲಿ ಸಾಹುಕಾರನಾಗಲಿ, ರಾಗಿ ಬೀಸಿಸಿದವನು ಇಡೀ ಕಾಳನ್ನೇ ತಿನ್ನುತ್ತಾನೆ. ಜೋಳವೂ ಬಹುಮಟ್ಟಿಗೆ ಹಾಗೆಯೇ.

ಸಿರಿಧಾನ್ಯ ಎಂದು ಈಗ ಕರೆಸಿಕೊಳ್ಳುವ ನವಣೆ, ಸಾಮೆ, ಊದಲು, ಹಾರಕ, ಕೊರಲೆಗಳ ಪಕ್ಷಕ್ಕೂ ಸಾಕ್ಷಿಗಳಿವೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕಿರುಧಾನ್ಯಗಳ ಸರಾಸರಿ ಗ್ಲೈಸೀಮಿಕ್ ಅಂಕ 52.7 ಬಂತು. ಪಾಲಿಶ್ ಅಕ್ಕಿಗೂ ಮೈದಾಕ್ಕೂ 70ರ ಮೇಲೆ. ಕೇಂದ್ರ ಸರ್ಕಾರ 2018ನ್ನು ರಾಷ್ಟ್ರೀಯ ಕಿರುಧಾನ್ಯ ವರ್ಷವಾಗಿ ಆಚರಿಸಿತು. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ವರ್ಷವೆಂದು ಸಾರಿತು. ಸಿರಿಧಾನ್ಯದ ಪ್ರಚಾರಕ್ಕೆ ಹೆಸರಾದ ಮೈಸೂರಿನ ಖಾದರ್ ವಲಿ ಅವರಿಗೆ ಅದೇ ವರ್ಷ ಪದ್ಮಶ್ರೀ ಬಂತು. ಜಾತ್ರೆಯಂತಹ ಸಿರಿಧಾನ್ಯ ಮೇಳಗಳು ನಡೆದವು, ನಡೆಯುತ್ತಿವೆ.

ಇಷ್ಟು ಹೇಳಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಗೂ ಹಾಕಬೇಕಾದ್ದನ್ನು ಹಾಕೋಣ. ರಾಗಿಯಲ್ಲಿ ಪ್ರೋಟೀನು ಹೆಚ್ಚು ಎಂದು ನಂಬಿದವರು ಬಹಳ ಮಂದಿ. ಆದರೆ ಅದೇ ಆಹಾರ ಕೋಷ್ಟಕದಲ್ಲಿ ರಾಗಿಯ ಪ್ರೋಟೀನು 100 ಗ್ರಾಮಿಗೆ ಏಳು ಗ್ರಾಂ ಚಿಲ್ಲರೆ, ಬಿಳಿ ಅಕ್ಕಿಯದು ಎಂಟರ ಹತ್ತಿರ. ಗೋಧಿ, ಜೋಳ, ಸಜ್ಜೆ ಈ ವಿಷಯದಲ್ಲಿ ಎರಡಕ್ಕಿಂತ ಮೇಲು. ರಾಗಿಯ ಕ್ಯಾಲ್ಸಿಯಮ್ಮೂ ಅಷ್ಟೂ ಮೈಗೆ ಹತ್ತುವುದಿಲ್ಲ. ಕಾಳಿನಲ್ಲಿರುವ ಫೈಟೇಟ್, ಆಕ್ಸಲೇಟ್, ಟ್ಯಾನಿನ್ನುಗಳು ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ನೆನೆಸಿ ಮೊಳಕೆ ಕಟ್ಟಿ ಹುರಿದು ಬೀಸಿದರೆ ಹಿಡಿತ ಸಡಿಲವಾಗುತ್ತದೆ. ಮಕ್ಕಳ ರಾಗಿಸರಿಗೆ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು ಅದನ್ನೇ, ಆದರೆ ದಿನದ ಮುದ್ದೆಯ ಹಿಟ್ಟಿಗೆ ಯಾರೂ ಮೊಳಕೆ ಕಟ್ಟುವುದಿಲ್ಲ. ಗ್ಲೈಸೀಮಿಕ್ ಅಂಕದಲ್ಲೂ ರಾಗಿಯ ಫಲಿತಾಂಶ ಒಂದೇ ತೆರನಾಗಿಲ್ಲ. ನುಣ್ಣಗೆ ಬೀಸಿದ ಹಿಟ್ಟನ್ನು ಬಿಸಿನೀರಿನಲ್ಲಿ ಬೇಯಿಸಿ ತಿರುವಿದರೆ ಅದರ ಪಿಷ್ಟವೂ ಬೇಗ ಜೀರ್ಣವಾಗುತ್ತದೆ. ಗಂಜಿಯಾಗಿ ಕುಡಿದರೆ ಇನ್ನೂ ಬೇಗ. ‘ರಾಗಿ ಅಂಬಲಿ ಕುಡಿದರೂ ಶುಗರ್ ಏರಿತು’ ಎಂದು ಅಚ್ಚರಿಪಡುವವರು ಅಂಬಲಿಯೂ ಹಿಟ್ಟೇ ಎಂಬುದನ್ನು ಮರೆತಿರುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕೋಣ. ಎರಡು ಸ್ಲೈಸ್ ಬ್ರೆಡ್ಡಿನಲ್ಲಿ 150 ಕ್ಯಾಲೊರಿಯ ಹತ್ತಿರ. 200 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲೂ ಹೆಚ್ಚುಕಡಿಮೆ ಅಷ್ಟೇ, ಪಿಷ್ಟ 30 ಗ್ರಾಂ. 80 ಗ್ರಾಂ ಹಿಟ್ಟಿನ ಒಂದು ಸಾಧಾರಣ ಮುದ್ದೆಯಲ್ಲಿ 250ಕ್ಕೂ ಹೆಚ್ಚು ಕ್ಯಾಲೊರಿ, ಪಿಷ್ಟ 50 ಗ್ರಾಂ ಮೀರುತ್ತದೆ. ಮುದ್ದೆಯಿಂದ ಕ್ಯಾಲ್ಸಿಯಂ, ನಾರು ಬಂದವು, ಒಪ್ಪೋಣ. ಆದರೆ ಆಲೂಗಡ್ಡೆ ಬಿಟ್ಟ ಖುಷಿಯಲ್ಲಿ ಎರಡು ಮುದ್ದೆ ಉಂಡವನ ರಕ್ತದಲ್ಲಿ ಸಕ್ಕರೆ ಏರಿದರೆ ಅದು ರಾಗಿಯ ತಪ್ಪಲ್ಲ, ಆಲೂಗಡ್ಡೆಯದಂತೂ ಮೊದಲೇ ಅಲ್ಲ. ಹೊಲದಲ್ಲಿ ಹಗಲಿಡೀ ಗೇಯುವವನಿಗೆ ದೊಡ್ಡ ಮುದ್ದೆ ಬೇಕಿತ್ತು. ಅದೇ ಗಾತ್ರವನ್ನು ಕುರ್ಚಿಯ ಮೇಲೆ ಕೂತು ದುಡಿಯುವವರು ಪಿತ್ರಾರ್ಜಿತವೆಂದು ಉಳಿಸಿಕೊಂಡರೆ ಮೈ ಒಪ್ಪುವುದಿಲ್ಲ.

ಈ ಮಾತಿಗೆ ದೇಶಮಟ್ಟದ ಪುರಾವೆ 2025ರಲ್ಲಿ ಸಿಕ್ಕಿತು. ಸಂಶೋಧನಾ ಮಂಡಳಿಯೂ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನೂ ಸೇರಿ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಆಹಾರದ ಭಾಗ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಭಾರತೀಯರು ದಿನದ ಶಕ್ತಿಯ ಶೇ. 62ರಷ್ಟನ್ನು ಪಿಷ್ಟ, ಸಕ್ಕರೆಗಳಿಂದಲೇ ಪಡೆಯುತ್ತಿದ್ದಾರೆ ಎಂದಿತು ಅದು. ಬಿಳಿ ಅಕ್ಕಿ, ಮೈದಾಗಳ ಜಾಗಕ್ಕೆ ಇಡೀ ಗೋಧಿಯನ್ನೋ ಕಿರುಧಾನ್ಯದ ಹಿಟ್ಟನ್ನೋ ತಂದಿಟ್ಟು ಲೆಕ್ಕ ಹಾಕಿದಾಗ, ಒಟ್ಟು ಪಿಷ್ಟ ಮೊದಲಿನಷ್ಟೇ ಉಳಿದರೆ ಸಕ್ಕರೆ ಕಾಯಿಲೆಯ ಸಾಧ್ಯತೆ ತಗ್ಗಲಿಲ್ಲ. ಪಿಷ್ಟದ ಒಂದು ಸಣ್ಣ ಪಾಲನ್ನು, ಒಟ್ಟು ಶಕ್ತಿಯ ಶೇ. 5ರಷ್ಟನ್ನು, ಬೇಳೆಕಾಳಿನ ಅಥವಾ ಹಾಲುಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ತಗ್ಗಿತು. ಅದಕ್ಕೂ ಹಿಂದಿನ ವರ್ಷ ಪೌಷ್ಟಿಕತೆ ಸಂಸ್ಥೆ ಹೊರಡಿಸಿದ ಊಟದ ಮಾರ್ಗಸೂಚಿಯೂ ಇದೇ ದಿಕ್ಕಿನದು: ಧಾನ್ಯ, ಕಿರುಧಾನ್ಯ ಎಲ್ಲ ಸೇರಿ ಶೇ. 45 ಮೀರಬಾರದು. ಅದು ರಾಗಿಗೆ ರಿಯಾಯಿತಿ ಕೊಟ್ಟಿಲ್ಲ.

ಹಾಗಾದರೆ ರಾಗಿ ತಿಂದು ಗಟ್ಟಿಮುಟ್ಟಾಗಿ ಬಾಳಿದ ತಲೆಮಾರುಗಳ ಮಾತು ಸುಳ್ಳೇ? ಸುಳ್ಳಲ್ಲ, ಅರ್ಧ. ಮುದ್ದೆ ಒಂಟಿಯಾಗಿ ಬರುತ್ತಿರಲಿಲ್ಲ. ಸಕ್ಕರೆ ಹಾಕಿಯೂ ಇಲ್ಲ, ಬೆಣ್ಣೆ ಹಚ್ಚಿಯೂ ಇಲ್ಲ, ಅದನ್ನು ನುಂಗಲು ಸಾರು ಬೇಕೇ ಬೇಕು. ಆ ಸಾರು ಬೇಳೆಯ ಕಟ್ಟಿನದು, ಸೊಪ್ಪಿನದು, ಹುರುಳಿಕಾಳಿನದು, ಅವರೆಕಾಳಿನದು, ಬಾಡಿನದು. ಬಸ್ಸಾರು ಮಾಡಿದ ಮನೆಯಲ್ಲಿ ಬಸಿದ ನೀರು ಸಾರಾಗುತ್ತಿತ್ತು, ಬೆಂದ ಕಾಳುಸೊಪ್ಪು ಪಲ್ಯವಾಗುತ್ತಿತ್ತು. ವಿಜಯಪುರ, ಕಲಬುರಗಿ ಕಡೆ ಜೋಳದ ರೊಟ್ಟಿಯೂ ತಟ್ಟೆಗೆ ಒಂದೇ ಬರುವುದಿಲ್ಲ. ಹೆಸರುಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಮೊಸರು, ಹಸಿ ಮೆಂತ್ಯ, ಉಳ್ಳಾಗಡ್ಡಿ ಜೊತೆಗೆ ಬರುತ್ತವೆ. ಈಗಿನ ಸಂಶೋಧನೆ ಹೇಳುವ ಬೇಳೆಕಾಳಿನ ಶೇ. 5 ಅಲ್ಲಿ ಕೇಳದೆಯೇ ಸಿಗುತ್ತಿತ್ತು. ಬ್ರೆಡ್ಡಿಗೆ ಆ ಒತ್ತಾಯವಿಲ್ಲ, ಅದು ಜಾಮಿನ ಜೊತೆಯೂ ಹೋಗುತ್ತದೆ, ಟೀಯಲ್ಲಿ ಅದ್ದಿದರೂ ಹೋಗುತ್ತದೆ. ನನ್ನ ಮಟ್ಟಿಗೆ ಬದಲಿ ಧಾನ್ಯಗಳ ಪರವಾದ ಅತಿ ಬಲವಾದ ವಾದ ಇದೇ: ರಾಗಿ, ಜೋಳ ತಟ್ಟೆಗೆ ಬಂದರೆ ತಮ್ಮ ಬಳಗವನ್ನೂ ಕರೆತರುತ್ತವೆ. ಬಳಗವನ್ನು ಹೊರಗೆ ನಿಲ್ಲಿಸಿ ರಾಗಿಯನ್ನು ಬಿಸ್ಕತ್ತು ಮಾಡಿ, ನವಣೆಯನ್ನು ಲಾಡು ಮಾಡಿ, ಜೋಳವನ್ನು ಚಿಪ್ಸು ಮಾಡಿ ಮಾರಿದರೆ ಆ ವಾದ ಬಿದ್ದುಹೋಗುತ್ತದೆ. ರಾಗಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದಿ, ಅಲ್ಲಿಯೂ ಎಷ್ಟೋ ಸಲ ಹಳೆಯ ಮೈದಾ ಸಾಹೇಬರೇ ಮುಂದೆ ಕೂತಿರುತ್ತಾರೆ.

ಬಳಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯದೊಂದು ಉದಾಹರಣೆಯೂ ಇದೆ. ದಖ್ಖನಿನ ಬಡವರಲ್ಲಿ ಜೋಳವೊಂದನ್ನೇ ನೆಚ್ಚಿಕೊಂಡವರಿಗೆ ಪೆಲಾಗ್ರ ಕಾಯಿಲೆ ಬರುತ್ತಿತ್ತು. ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿ ಮಂಕಾಗುವುದು. ಹೈದರಾಬಾದಿನಲ್ಲಿ ಸಿ. ಗೋಪಾಲನ್, ಎಸ್.ಜಿ. ಶ್ರೀಕಂಠಯ್ಯ 1960ರ ಸುಮಾರಿಗೆ ಇದನ್ನು ಅಧ್ಯಯನ ಮಾಡಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶದತ್ತ ಬೆರಳು ತೋರಿದರು. ಬೇಳೆ, ಹಾಲು ಕಂಡ ಮನೆಗಳಲ್ಲಿ ಆ ಕಾಯಿಲೆ ಇರಲಿಲ್ಲ. ಹಳೆಯದೆಲ್ಲ ಅಮೃತವಾಗಿತ್ತು ಎನ್ನುವವರು ಇಂಥ ಪುಟಗಳನ್ನು ಮಡಚಿಟ್ಟುಬಿಡುತ್ತಾರೆ. ‘ಪುರಾತನ ಧಾನ್ಯ, ಕೆಟ್ಟದ್ದು ಮಾಡಲು ಸಾಧ್ಯವೇ ಇಲ್ಲ’ ಎಂಬ ನಂಬಿಕೆಗೆ 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಿಂದ ಇನ್ನೊಂದು ಉತ್ತರ ಬಂತು. ಶಿಲೀಂಧ್ರ ತಗುಲಿದ್ದ ಹಾರಕದ ಬೆಳೆ ಮೇಯ್ದು ಹತ್ತು ಆನೆಗಳು ಸತ್ತವು. ಒಣಗಿಸಿ ಶುಚಿಮಾಡಿದ ಹಾರಕದ ಅಕ್ಕಿ ತಿನ್ನುವವರು ಹೆದರಬೇಕಾಗಿಲ್ಲ. ಆದರೆ ಕೊಯ್ಲಿನಲ್ಲಿ ಮಳೆ ಹಿಡಿದ ಕಾಳು ಯಾವುದಾದರೂ ಅಪಾಯವೇ, ಅದಕ್ಕೆ ಪುರಾತನ ಎಂಬ ಹೆಸರು ರಕ್ಷೆಯಲ್ಲ.

ಎಲ್ಲರಿಗೂ ಒಂದೇ ಬದಲಿ ಹೊಂದುವುದೂ ಇಲ್ಲ. ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ರೋಗಿಗೆ ರಾಗಿ, ಜೋಳ ವರದಾನ, ಬ್ರೆಡ್ಡು ನಿಜವಾಗಿಯೂ ವಿಷ. ಕಿಡ್ನಿ ಸೋತವರ ಕಥೆ ತಿರುವುಮುರುವು: ರಂಜಕ, ಪೊಟ್ಯಾಸಿಯಂ ಕಡಿಮೆ ಮಾಡಬೇಕಾದ ಅವರಿಗೆ ವೈದ್ಯರು ಇಡೀ ಧಾನ್ಯಗಳಿಗಿಂತ ಬಿಳಿ ಅನ್ನವನ್ನೇ ಹೇಳುವುದುಂಟು, ಆಲೂಗಡ್ಡೆಯನ್ನಂತೂ ಹೆಚ್ಚಿ ನೀರಿನಲ್ಲಿ ನೆನೆಸಿ ಬಸಿಯಲು ಹೇಳುತ್ತಾರೆ. ಸಜ್ಜೆಯಲ್ಲಿ ಥೈರಾಯಿಡ್ ಗ್ರಂಥಿಯ ಕೆಲಸಕ್ಕೆ ಅಡ್ಡಬರುವ ಅಂಶಗಳಿವೆ. ಅದನ್ನೇ ಮೂರು ಹೊತ್ತು ತಿಂದರಷ್ಟೇ ಚಿಂತೆ, ವಾರಕ್ಕೊಂದೆರಡು ರೊಟ್ಟಿಗಲ್ಲ. ಯಾವ ಧಾನ್ಯವೂ ಮಾತ್ರೆಯ ಕೆಲಸ ಮಾಡುವುದಿಲ್ಲ. ಸಿರಿಧಾನ್ಯ ಶುರು ಮಾಡಿ ಇನ್ಸುಲಿನ್ ನಿಲ್ಲಿಸಿದರೆ ಅಪಾಯಕ್ಕೆ ಸಿಲುಕುವುದು ಸಲಹೆ ಕೊಟ್ಟವರಲ್ಲ.

ಮೊದಲು ಪಕ್ಕಕ್ಕಿಟ್ಟ ಮಾತಿಗೆ ಬರೋಣ. ರೊಟ್ಟಿ ಬಡಿಯುವುದು ಕೈಯ ಕಸುಬು, ಹಿಟ್ಟಿಗೆ ಜಿಗುಟಿಲ್ಲ, ಬಿಸಿನೀರಿನ ಹದ ತಪ್ಪಿದರೆ ಅಂಚು ಸೀಳುತ್ತದೆ. ಮುದ್ದೆ ತಿರುವಲು ರಟ್ಟೆ ಬೇಕು. ನವಣೆ, ಊದಲು ಗಂಟೆಗಟ್ಟಲೆ ನೆನೆಯಬೇಕು. ಈ ದುಡಿಮೆ ಬಹುತೇಕ ಮನೆಗಳಲ್ಲಿ ಒಬ್ಬಳ ಮೇಲೇ ಬೀಳುತ್ತದೆ. ಆರೋಗ್ಯಕರ ಊಟದ ಬಗ್ಗೆ ಬರೆಯುವವರಲ್ಲಿ ಗಂಡಸರೇ ಹೆಚ್ಚಿರುವುದರಿಂದಲೋ ಏನೋ, ಈ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದಕ್ಕೆ ದಾರಿಗಳಿಲ್ಲವೆಂದಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ನಡೆಸುವ ರೊಟ್ಟಿ ಕೇಂದ್ರಗಳು ಬೆಂಗಳೂರಿನ ಬಡಾವಣೆಗಳಲ್ಲೂ ಇವೆ. ಕಡಕ್ ರೊಟ್ಟಿ ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಬ್ರೆಡ್ಡಿಗೆ ಆ ಆಯುಷ್ಯವಿಲ್ಲ. ಏಳೂವರೆಯ ಗಡಿಬಿಡಿಗೆ ಬ್ರೆಡ್ಡಿನ ನಿಜವಾದ ಪ್ರತಿಸ್ಪರ್ಧಿ ಬಿಸಿ ರಾಗಿ ರೊಟ್ಟಿಯಲ್ಲ, ಈ ಕಡಕ್ ರೊಟ್ಟಿ ಮತ್ತು ಡಬ್ಬಿಯಲ್ಲಿರುವ ಶೇಂಗಾ ಹಿಂಡಿ, ಮೊಸರು. ಹಿಂದಿನ ರಾತ್ರಿ ರುಬ್ಬಿಟ್ಟ ಹೆಸರುಕಾಳಿನ ದೋಸೆ ಹಿಟ್ಟೂ ಆಗಬಹುದು. ಅದಕ್ಕೆ ಉದ್ದಿನ ದೋಸೆಯಂತೆ ಹುಳಿ ಬರುವುದನ್ನು ಕಾಯುವ ಕೆಲಸವೂ ಇಲ್ಲ. ಬ್ರೆಡ್ಡನ್ನೇ ಬಿಡಲಾಗದವರು ಅದರ ಮಧ್ಯೆ ಜಾಮಿನ ಬದಲು ಮೊಟ್ಟೆಯನ್ನೋ ಮೊಳಕೆಕಾಳನ್ನೋ ಇಟ್ಟರೂ ಸಾಕಷ್ಟು ದೂರ ಬಂದಂತೆಯೇ.

ದುಡ್ಡಿನ ಮಾತು ಸಿರಿಧಾನ್ಯಕ್ಕೆ ಅನುಕೂಲವಾಗಿಲ್ಲ. ಎಕರೆಗೆ ಇಳುವರಿ ಕಡಿಮೆ, ಸಿಪ್ಪೆ ಬಿಡಿಸುವ ಯಂತ್ರಗಳು ಎಲ್ಲ ಊರಲ್ಲಿಲ್ಲ, ಹಾಗಾಗಿ ನವಣೆ ಅಕ್ಕಿ ಸೋನಾ ಮಸೂರಿಗಿಂತ ಸಾಕಷ್ಟು ದುಬಾರಿ. ಯಂತ್ರ ಇದ್ದಲ್ಲಿ ಇನ್ನೊಂದು ತೊಂದರೆ. ನವಣೆಯ ಹೊರಸಿಪ್ಪೆ ತಿನ್ನಲಾಗದ್ದು, ತೆಗೆಯಲೇಬೇಕು. ಆದರೆ ಬಿಳಿಯಾಗಿ ಕಾಣಲೆಂದು ಒಳಗಿನ ತೌಡನ್ನೂ ಉಜ್ಜಿ ತೆಗೆದರೆ ಉಳಿಯುವುದು ದುಬಾರಿ ಬೆಲೆಯ ಪಾಲಿಶ್ ಅಕ್ಕಿಯಂಥದೇ. ಹಳದಿಯೋ ಬೂದಿಯೋ ಬಣ್ಣ ಉಳಿಸಿಕೊಂಡ, ಒರಟಾಗಿರುವ ಕಾಳನ್ನು ಆರಿಸುವುದು ಸದ್ಯಕ್ಕೆ ಗ್ರಾಹಕನ ಕಣ್ಣಿಗೆ ಬಿಟ್ಟದ್ದು. ತೌಡು ಉಳಿದ ಕಾಳು ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ, ಸಜ್ಜೆಯ ಹಿಟ್ಟಂತೂ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತದ ಎದುರು ರಾಗಿ ಗೆದ್ದದ್ದು ಆರು ತಿಂಗಳ ಸೆರೆಯಲ್ಲೂ ಕೆಡದೆ ಉಳಿದದ್ದಕ್ಕೆ. ಆ ಕೀರ್ತಿಯನ್ನು ಎಲ್ಲ ಕಿರುಧಾನ್ಯಗಳಿಗೂ ಹಂಚಲಾಗದು.

ಆಲೂಗಡ್ಡೆಯನ್ನು ಪೂರ್ತಿ ತ್ಯಜಿಸಿ ಇತರ ಗೆಡ್ಡೆಗಳಿಗೆ ಹೋಗಿ ಎನ್ನುವವರೂ ಇದ್ದಾರೆ. ಸಿಹಿ ಗೆಣಸು ಬೇಯಿಸಿದಾಗ ನಿಧಾನವಾಗಿ ಜೀರ್ಣವಾಗುತ್ತದೆ, ಕೆಂಡದಲ್ಲಿ ಸುಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ ಆ ಲಾಭ ಬಹುಮಟ್ಟಿಗೆ ಕರಗುತ್ತದೆ. ರುಚಿ ಸುಟ್ಟಿದ್ದಕ್ಕೇ ಹೆಚ್ಚು, ಅದು ಬೇರೆ ಮಾತು. ಒಳಗೆ ಕಿತ್ತಳೆ ಬಣ್ಣವಿದ್ದರೆ ಎ ಜೀವಸತ್ವದ ಮೂಲವೂ ಹೌದು. ಸುವರ್ಣಗೆಡ್ಡೆಯಲ್ಲಿ ನಾರು ಚೆನ್ನಾಗಿದೆ, ಹುಣಸೆಹುಳಿ ಹಾಕದಿದ್ದರೆ ಬಾಯಿ ತುರಿಸುತ್ತದೆ. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿಗಳು ಕಾಡಂಚಿನಲ್ಲಿ ಬೆಳೆಯುವ ಗೆಡ್ಡೆಗಳ ವೈವಿಧ್ಯ ನೋಡಲು ಗೆಡ್ಡೆ ಗೆಣಸು ಮೇಳಕ್ಕೆ ಹೋಗಬೇಕು, ಅಷ್ಟೊಂದು ಬಗೆ ಒಂದೇ ತಾಲ್ಲೂಕಿನಲ್ಲಿ. ಇವೆಲ್ಲ ಬರಲಿ. ಆದರೆ ಇವೂ ಪಿಷ್ಟವೇ, ಅನ್ನದ ಪಕ್ಕ ಪಲ್ಯವಾಗಿ ಕೂತರೆ ಆಲೂಗಡ್ಡೆಯ ಮೇಲಿದ್ದ ದೂರು ಇವುಗಳ ಮೇಲೂ ಬರುತ್ತದೆ.

ಯಾರನ್ನು ಎಬ್ಬಿಸುವುದು ಎಂದು ನನ್ನನ್ನು ಕೇಳಿದರೆ, ದಿನದಿನದ ಪಂಕ್ತಿಯಿಂದ ಬಿಳಿ ಬ್ರೆಡ್ಡನ್ನು ಎಬ್ಬಿಸುವುದಕ್ಕೆ ನನ್ನ ತಕರಾರಿಲ್ಲ. ಆಲೂಗಡ್ಡೆಯನ್ನು ಎಬ್ಬಿಸಬೇಕಾಗಿಲ್ಲ, ಎಣ್ಣೆಯಿಂದ ಎತ್ತಿ, ತರಕಾರಿಯ ಸಾಲಿನಿಂದ ಧಾನ್ಯದ ಸಾಲಿಗೆ ಕಳಿಸಿದರೆ ಸಾಕು. ಆಲೂ ಪಲ್ಯ ಮಾಡಿದ ದಿನ ಅನ್ನ ಕಡಿಮೆ, ಅಷ್ಟೇ. ಬೇಯಿಸಿ ತಣ್ಣಗಾದ ಆಲೂಗಡ್ಡೆಯಲ್ಲೂ ತಂಗಳನ್ನದಲ್ಲೂ ಪಿಷ್ಟದ ಒಂದು ಪಾಲು ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ ಎಂಬುದೂ ಅವುಗಳ ಪರವಾದ ಚಿಕ್ಕ ಸಂಗತಿ. ರಾಗಿಗೆ, ಜೋಳಕ್ಕೆ ಜಾಗ ಕೊಡಬೇಕು, ಸಾರು ಕಾಳುಗಳಿಗೆ ಅವಕ್ಕಿಂತ ದೊಡ್ಡ ಜಾಗ ಕೊಡಬೇಕು.

ಆದರೆ ಎಲ್ಲ ಮನೆಗಳಲ್ಲೂ ಈ ಆಯ್ಕೆ ಮನೆಯವರ ಕೈಯಲ್ಲಿಲ್ಲ. ಪಡಿತರ ಅಂಗಡಿಯಲ್ಲಿ ಯಾವ ಚೀಲ ಬಿಚ್ಚಿದ್ದಾರೋ ಅದೇ ಊಟ. ಸರ್ಕಾರ 2025-26ಕ್ಕೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಖರೀದಿಸಿದ ರಾಗಿ ದಕ್ಷಿಣದ ಜಿಲ್ಲೆಗಳ ಪಡಿತರಕ್ಕೆ ಸೇರುತ್ತದೆ, ಉತ್ತರದಲ್ಲಿ ಜೋಳ. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೊ ಅಕ್ಕಿಯ ಬದಲು ಆಹಾರ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು. ಅಕ್ಕಿ ಕಾಳಸಂತೆಗೆ ಹರಿಯುವುದನ್ನು ತಡೆಯುವುದು ಅದರ ಒಂದು ಕಾರಣ. ಕಾರಣ ಏನೇ ಇರಲಿ, ಧಾನ್ಯಕ್ಕೆ ಧಾನ್ಯವನ್ನೇ ಬದಲಿಯಾಗಿ ಇಡದೆ ಬೇಳೆ ಇಟ್ಟ ಈ ಯೋಚನೆ ಅಷ್ಟೂ ಸಿರಿಧಾನ್ಯ ಮೇಳಗಳಿಗಿಂತ ಸರಿಯಾದ ದಿಕ್ಕಿನದು ಎಂದು ನನಗೆ ಅನಿಸುತ್ತದೆ. ಅದೇ ಕಿಟ್‌ನ ಪಟ್ಟಿಯಲ್ಲಿ ತೊಗರಿಬೇಳೆಯ ಜೊತೆ ಸಕ್ಕರೆಯ ಹೆಸರೂ ಇತ್ತು ಎಂಬುದನ್ನು ಮಾತ್ರ ಯಾರೂ ದೊಡ್ಡದು ಮಾಡಲಿಲ್ಲ.